ಪಿಯೆತ್ರೊ ದೆಲ್ಲಾ ವಲ್ಲೆಯ ಇಕ್ಕೇರಿ ಯಾತ್ರೆ

ರೋಮಾಪುರದ ಪಿಯೆತ್ರೊ ದೆಲ್ಲಾ ವಲ್ಲೆಯು ಕ್ರಿ. ಶ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಗೋವೆಯಿಂದ ಸಮುದ್ರಮಾರ್ಗವಾಗಿ ಹೊನ್ನಾವರಕ್ಕೆ ಬಂದನು. ಅಲ್ಲಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಯನ್ನು ಸೇರಿ, ಪಾಳುಬಿದ್ದಿದ್ದ ಆ ಪಟ್ಟಣವನ್ನು ಕಂಡು, ಘಟ್ಟವನ್ನು ಹತ್ತಿ ವೆಂಕಟಪ್ಪನಾಯಕನ ಇಕ್ಕೇರಿಗೆ ಹೋದನು. ದಾರಿಯಲ್ಲಿ ದೇವಾಲಯವೊಂದರ ಮುಖಮಂಟಪದಲ್ಲಿ ತಂಗಿದ್ದಾಗ, ನಾಲ್ವರು ಬಾಲಕರು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಂಕೆಗಳನ್ನು ಬರೆಯುತ್ತ, ರಾಗವಾಗಿ ಹೇಳುತ್ತ, ಲೆಕ್ಕ ಕಲಿಯುತ್ತಿದ್ದುದನ್ನು ನೋಡಿದನು. ಅವರಿಗೆ ಆಗ ಉಪಾಧ್ಯಾಯನಿರಲಿಲ್ಲ. ಒಬ್ಬನು ಮರೆತುದನ್ನು ಮತ್ತೊಬ್ಬನು ನೆನಪಿಸುತ್ತಿದ್ದನು.

ಶಾಸನಗಳು ಅರಸರ ದಾನಗಳನ್ನೂ ವಿಜಯಗಳನ್ನೂ ವಿಸ್ತಾರವಾಗಿ ಹೇಳುವುವಾದರೂ ಬಾಲಕರ ಓದುಬರಹವನ್ನು ಹೀಗೆ ಕಣ್ಣಿಗೆ ಕಟ್ಟುವಂತೆ ಚಿತ್ರಿಸುವುದು ವಿರಳ. ಊರುಗಳ ಹೆಸರುಗಳು ಅಪಭ್ರಂಶಗೊಂಡಿವೆಯೆಂದು ಈ ಯಾತ್ರಿಕನ ಪತ್ರಗಳನ್ನು ಉಪೇಕ್ಷಿಸಿದರೆ, ಕನ್ನಡ ನಾಡಿನ ವಿದ್ಯಾಭ್ಯಾಸದ ಇತಿಹಾಸಕ್ಕೆ ಪ್ರತ್ಯಕ್ಷ ಸಾಕ್ಷ್ಯವೊಂದು ತಪ್ಪಿಹೋಗುವುದು.