ಗಾಳದ ದೋಣಿಯೂ ವಿದ್ಯುಚ್ಛಕ್ತಿಯೂ

ಮಾನವನು ನಿರ್ಮಿಸಿದ ಯಂತ್ರಗಳಲ್ಲಿ ಕೆಲವು ಹುಟ್ಟಿದೊಡನೆಯೇ ಲೋಕದ ಮನ್ನಣೆಯನ್ನು ಪಡೆಯುತ್ತವೆ. ಮತ್ತೆ ಕೆಲವು ತಮಗೆ ತಕ್ಕ ಕೆಲಸವು ದೊರೆಯುವವರೆಗೆ ಬಹುಕಾಲ ಕಾದಿರಬೇಕಾಗುತ್ತದೆ. ವಿದ್ಯುಚ್ಛಕ್ತಿಯಿಂದ ನಡೆಯತಕ್ಕ ದೋಣಿಯು ಈ ಎರಡನೆಯ ವರ್ಗಕ್ಕೆ ಸೇರಿದುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸರೋವರಗಳಲ್ಲಿ ಗಾಳ ಹಾಕುವವರ ಸಣ್ಣ ದೋಣಿಗಳ ಮೂತಿಯಲ್ಲಿಯೋ ಹಿಂಬದಿಯಲ್ಲಿಯೋ ಒಂದು ಕಿರಿಯ ವಿದ್ಯುನ್ಮೋಟಾರು ತೂಗುತ್ತಿರುವುದು ಇಂದು ಸಾಮಾನ್ಯವಾದ ನೋಟವಾಗಿದೆ. ಅದಕ್ಕೆ ಅಲ್ಲಿಯವರು ಟ್ರೋಲಿಂಗ್ ಮೋಟಾರು ಎನ್ನುವರು. ಎರೆ ಕಟ್ಟಿದ ದಾರವನ್ನು ನೀರಿಗೆ ಬಿಟ್ಟು, ದೋಣಿಯನ್ನು ಮೆಲ್ಲಮೆಲ್ಲನೆ ನಡೆಸುತ್ತ ಮೀನನ್ನು ಸೆಳೆಯುವ ಕ್ರಮಕ್ಕೆ ಟ್ರೋಲಿಂಗ್ ಎಂದು ಹೆಸರು. ಆಟಿಕೆಯಂತೆ ಕಾಣುವ ಈ ಯಂತ್ರದ ಹಿಂದೆ ಸುಮಾರು ನೂರು ವರ್ಷಗಳ ಪ್ರಯತ್ನವೂ ಸೋಲೂ ಅಡಗಿವೆ. ಆ ಚರಿತ್ರೆಯನ್ನು ಪರಿಶೀಲಿಸಿದರೆ, ಯಾವ ದೋಷದಿಂದ ವಿದ್ಯುತ್ ದೋಣಿಯು ಪ್ರಯಾಣಿಕರಿಗೆ ಬೇಡವಾಯಿತೋ ಆ ದೋಷವೇ ಬೆಸ್ತನಿಗೆ ಗುಣವಾಗಿ ಪರಿಣಮಿಸಿತೆಂಬುದು ವ್ಯಕ್ತವಾಗುತ್ತದೆ.

ಈ ಕಥೆಯು ರಷ್ಯಾ ದೇಶದ ನೇವಾ ನದಿಯಲ್ಲಿ ಆರಂಭವಾಗುತ್ತದೆ. ಜರ್ಮನಿಯ ಪೋಟ್ಸ್‌ಡಾಮಿನಲ್ಲಿ 1801ರಲ್ಲಿ ಜನಿಸಿದ ಮೊರಿಟ್ಸ್ ಯಾಕೋಬಿ ಎಂಬ ವಿದ್ವಾಂಸನು 1834ರಲ್ಲಿ ವಿದ್ಯುತ್ತಿನಿಂದ ತಿರುಗುವ ಯಂತ್ರವೊಂದನ್ನು ರಚಿಸಿದನು. ಚಕ್ರವರ್ತಿಯಾದ ಮೊದಲನೆಯ ನಿಕೊಲಸನ ಆಶ್ರಯವು ಅವನಿಗೆ ದೊರೆಯಿತು. 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಜನರ ಕಣ್ಣೆದುರಿಗೆ ಸುಮಾರು 28 ಅಡಿ ಉದ್ದದ ದೋಣಿಯೊಂದು, ಹನ್ನೆರಡು ಮಂದಿಯನ್ನು ಹೊತ್ತು, ಹುಟ್ಟಿಲ್ಲದೆ, ಹಾಯಿಯಿಲ್ಲದೆ, ಹೊಗೆಯೂ ಇಲ್ಲದೆ, ಪಕ್ಕದ ಗಾಲಿಗಳಿಂದ ನೀರನ್ನು ತಳ್ಳುತ್ತ ಸಾಗಿತು. ಆದರೆ ಅದರ ವೇಗವು ಕಾಲ್ನಡಿಗೆಯವನ ವೇಗಕ್ಕಿಂತ ಕಡಮೆಯಾಗಿತ್ತು. ಅದಕ್ಕೆ ಶಕ್ತಿಯನ್ನು ಕೊಡಲು ಸತು ಮತ್ತು ತಾಮ್ರದ ಫಲಕಗಳ 320 ಜೊತೆಗಳು ಬೇಕಾದವು. ಮರುವರ್ಷ ಯಾಕೋಬಿಯು ತಾಮ್ರಕ್ಕೆ ಬದಲಾಗಿ ಪ್ಲಾಟಿನಮನ್ನೂ ನೈಟ್ರಿಕ್ ಆಮ್ಲವನ್ನೂ ಉಪಯೋಗಿಸಿ ಕೋಶಗಳ ಸಂಖ್ಯೆಯನ್ನು ಇಳಿಸಿದನು. ವೇಗವೂ ಸ್ವಲ್ಪ ಹೆಚ್ಚಿತು. ಆದರೆ ಆ ಬಗೆಯ ಕೋಶಗಳಿಂದ ಹೊರಡುವ ಕೆಂಗಂದು ಬಣ್ಣದ ವಿಷವಾಯುವು ಹತ್ತಿರ ಕುಳಿತವರ ಉಸಿರನ್ನು ಕಟ್ಟಿಸುವಂತಹುದು.

ಈ ಪ್ರಯೋಗವು ಮುಂದುವರಿಯದೆ ಹೋದುದಕ್ಕೆ ಕಾರಣವು ಮೋಟಾರಲ್ಲ, ಬ್ಯಾಟರಿ. ಆ ಕಾಲದ ವಿದ್ಯುತ್ಕೋಶವು ಒಂದು ಬಗೆಯ ಒಲೆಯೇ ಸರಿ. ಒಲೆಯು ಸೌದೆಯನ್ನು ಉರಿಸುವಂತೆ ಅದು ಸತುವನ್ನು ಕರಗಿಸಿ ಶಕ್ತಿಯನ್ನು ಕೊಡುತ್ತಿತ್ತು; ಸತುವು ಮುಗಿದರೆ ಹೊಸ ಫಲಕಗಳನ್ನೇ ಇಡಬೇಕು. ಆ ಸತುವನ್ನು ಅದಿರಿನಿಂದ ತೆಗೆಯುವುದಕ್ಕೆ ಕಲ್ಲಿದ್ದಲನ್ನು ಸುಡಬೇಕು. ಹೀಗಿರುವಲ್ಲಿ, ಅದೇ ಕಲ್ಲಿದ್ದಲನ್ನು ನೇರವಾಗಿ ಹಬೆಯಂತ್ರಕ್ಕೆ ಹಾಕುವುದು ಅಗ್ಗವೆಂಬುದನ್ನು ತಿಳಿಯಲು ಹೆಚ್ಚಿನ ಗಣಿತವು ಬೇಕಿರಲಿಲ್ಲ.

ಬರಿದಾದ ಮೇಲೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆಯು ಕಂಡುಹಿಡಿದನು. ಸೀಸದ ಎರಡು ಹಾಳೆಗಳನ್ನು ಗಂಧಕಾಮ್ಲದಲ್ಲಿ ಅದ್ದಿ, ಅವುಗಳ ಮೂಲಕ ವಿದ್ಯುತ್ತನ್ನು ಹಾಯಿಸಿದರೆ, ಆ ಶಕ್ತಿಯು ರಾಸಾಯನಿಕ ರೂಪದಲ್ಲಿ ಉಳಿದು, ಬೇಕಾದಾಗ ಪ್ರವಾಹವಾಗಿ ಹಿಂದಿರುಗುತ್ತದೆ. 1881ರಲ್ಲಿ ಕಮೀಲ್ ಫೋರ್ ಎಂಬವನು ಸೀಸದ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಕೊಟ್ಟು ಈ ಬ್ಯಾಟರಿಯ ಧಾರಣಶಕ್ತಿಯನ್ನು ಬಹುವಾಗಿ ಹೆಚ್ಚಿಸಿದನು.

ಅದೇ 1881ರಲ್ಲಿ ಪ್ಯಾರಿಸ್ ನಗರದ ಗುಸ್ತಾವ್ ಟ್ರೂವೆಯು ಸೇನ್ ನದಿಯಲ್ಲಿ ‘ಟೆಲಿಫೋನ್’ ಎಂಬ ಹೆಸರಿನ ಸಣ್ಣ ದೋಣಿಯನ್ನು ನಡೆಸಿದನು. ಅವನು ಬಳಸಿದುದು ಹಳೆಯ ಬಗೆಯ ಬೈಕ್ರೋಮೇಟ್ ಕೋಶಗಳನ್ನೇ. ಆದರೆ ಮೋಟಾರನ್ನು ಇರಿಸಿದ ರೀತಿಯು ಅಪೂರ್ವವಾಗಿತ್ತು. ಅವನು ಅದನ್ನು ಚುಕ್ಕಾಣಿಯ ತಲೆಯ ಮೇಲೆ ಕೂರಿಸಿ, ನೀರನ್ನು ತಳ್ಳುವ ತಿರುಗು ಅಲಗನ್ನು ಚುಕ್ಕಾಣಿಯಲ್ಲಿಯೇ ಅಳವಡಿಸಿದನು. ಚುಕ್ಕಾಣಿಯು ಯಾವ ಕಡೆಗೆ ಹೊರಳುವುದೋ ತಳ್ಳುವ ಶಕ್ತಿಯೂ ಆ ಕಡೆಗೇ ಹೊರಳುತ್ತಿತ್ತು. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಎರಡು ತಂತಿಗಳಿಗೆ ಚುಕ್ಕಾಣಿಯನ್ನು ಎಳೆಯುವ ಹಗ್ಗಗಳೇ ಹೊದಿಕೆಯಾಗಿದ್ದವು. ಕೆಲಸವು ಮುಗಿದ ಮೇಲೆ ಇಡೀ ಸಾಧನವನ್ನು ಕಳಚಿ ಕೈಯಲ್ಲಿ ಹಿಡಿದು ಮನೆಗೆ ಒಯ್ಯಬಹುದಾಗಿತ್ತು. ದೋಣಿಯ ಹೊರಕ್ಕೆ ಸಿಕ್ಕಿಸುವ ಮೋಟಾರುಗಳಿಗೆಲ್ಲ ಇದೇ ಮೂಲಪುರುಷನೆಂದು ಹೇಳಬಹುದು.

ಮುಂದಿನ ಹತ್ತು ವರ್ಷಗಳು ವಿದ್ಯುತ್ ದೋಣಿಯ ವೈಭವದ ಕಾಲ. 1882ರ ಸೆಪ್ಟೆಂಬರಿನಲ್ಲಿ 45 ಸೀಸದ ಬ್ಯಾಟರಿಗಳನ್ನು ಹೊತ್ತ ‘ಎಲೆಕ್ಟ್ರಿಸಿಟಿ’ ಎಂಬ ನೌಕೆಯು ಥೇಮ್ಸ್ ನದಿಯಲ್ಲಿ ಸಂಚರಿಸಿತು. 1886ರಲ್ಲಿ ‘ವೋಲ್ಟಾ’ ಎಂಬುದು ಡೋವರಿನಿಂದ ಕ್ಯಾಲೆಗೆ ಹೋಗಿ, ಒಂದೇ ಸಲ ತುಂಬಿದ ಶಕ್ತಿಯಿಂದ ಹಿಂದಿರುಗಿ ಬಂದಿತು. 1893ರ ಷಿಕಾಗೊ ಮಹಾಪ್ರದರ್ಶನದಲ್ಲಿ ಐವತ್ತಕ್ಕೂ ಹೆಚ್ಚು ವಿದ್ಯುತ್ ನೌಕೆಗಳು ಹತ್ತು ಲಕ್ಷಕ್ಕೂ ಮೀರಿದ ಜನರನ್ನು ಸುತ್ತಾಡಿಸಿದವು.

ಆದರೆ ಈ ವೈಭವವು ಹೆಚ್ಚು ಕಾಲ ನಿಲ್ಲಲಿಲ್ಲ. ಪೆಟ್ರೋಲ್ ಯಂತ್ರವು ಬಂದಿತು. ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 12 ಕಿಲೋವಾಟ್-ಗಂಟೆ; ಅಷ್ಟೇ ತೂಕದ ಸೀಸದ ಬ್ಯಾಟರಿಯು ಹಿಡಿಯುವುದು ಒಂದು ಕಿಲೋವಾಟ್-ಗಂಟೆಯ ಮೂವತ್ತರಲ್ಲೊಂದು ಪಾಲು ಮಾತ್ರ. ಪೆಟ್ರೋಲ್ ಯಂತ್ರವು ಆ ಶಕ್ತಿಯ ಬಹುಭಾಗವನ್ನು ಬಿಸಿಯಾಗಿ ಪೋಲುಮಾಡಿದರೂ ದೂರ ಹೋಗಬೇಕಾದವನಿಗೆ ಅದೇ ಮೇಲಾಯಿತು. 1909ರಿಂದ ಮಿಲ್ವಾಕಿಯ ಓಲೆ ಎವಿನ್‌ರೂಡನ ಪೆಟ್ರೋಲ್ ಮೋಟಾರುಗಳು ದೋಣಿಗಳ ಬೆನ್ನೇರಿದವು. ವಿದ್ಯುತ್ ದೋಣಿಯು ಶ್ರೀಮಂತರ ಉದ್ಯಾನಸರೋವರಗಳ ವಿನೋದಸಾಮಗ್ರಿಯಾಗಿ ಉಳಿಯಿತು.

ಇಲ್ಲಿ ಚರಿತ್ರೆಯು ಒಂದು ವಿಚಿತ್ರವಾದ ತಿರುವನ್ನು ಪಡೆಯುತ್ತದೆ. ವಿದ್ಯುತ್ ದೋಣಿಯನ್ನು ಸೋಲಿಸಿದ ಪೆಟ್ರೋಲ್ ಯಂತ್ರವೇ ಅದಕ್ಕೆ ಪುನರ್ಜನ್ಮವನ್ನು ಕೊಟ್ಟಿತು. ಅದು ಹೇಗೆಂದರೆ, ಮೋಟಾರು ಗಾಡಿಯನ್ನು ಕೈಯಿಂದ ತಿರುವಿ ಹೊರಡಿಸುವ ಕಷ್ಟವನ್ನು ತಪ್ಪಿಸಲು ಚಾರ್ಲ್ಸ್ ಕೆಟರಿಂಗನು ರೂಪಿಸಿದ ವಿದ್ಯುತ್ ಸಾಧನವು 1912ರಲ್ಲಿ ಕ್ಯಾಡಿಲಾಕ್ ಗಾಡಿಗಳಲ್ಲಿ ಬಂದಿತು. ಅಲ್ಲಿಂದ ಮುಂದೆ ಕ್ರಮೇಣ ಪ್ರತಿಯೊಂದು ಗಾಡಿಗೂ ಒಂದು ಸೀಸದ ಬ್ಯಾಟರಿ, ಒಂದು ಪುಟ್ಟ ಬಲಿಷ್ಠ ಮೋಟಾರು ಅವಶ್ಯವಾದವು. ಯಾಕೋಬಿಯ ಕಾಲದಲ್ಲಿ ಚಕ್ರವರ್ತಿಯ ಬೊಕ್ಕಸವನ್ನು ಬೇಡಿದ ಸಾಮಗ್ರಿಯು ಈಗ ಸಣ್ಣ ಊರಿನ ಅಂಗಡಿಯಲ್ಲಿಯೂ ಸಿಕ್ಕತೊಡಗಿತು.

1934ರಲ್ಲಿ ಉತ್ತರ ಡಕೋಟಾದ ಫಾರ್ಗೋ ಪಟ್ಟಣದ ಓ. ಜಿ. ಷ್ಮಿಟ್ ಎಂಬವನು ಫೋರ್ಡ್ ‘ಮಾಡೆಲ್ ಎ’ ಗಾಡಿಯ ಸ್ಟಾರ್ಟರ್ ಮೋಟಾರನ್ನು ತೆಗೆದು, ಅದಕ್ಕೆ ಬಾಗುವ ದಂಡವೊಂದನ್ನೂ ತಿರುಗು ಅಲಗನ್ನೂ ಜೋಡಿಸಿ ದೋಣಿಗೆ ಕಟ್ಟಿದನು. ಫಾರ್ಗೋ ಪಟ್ಟಣದ ಪಕ್ಕದಲ್ಲಿ ಹರಿಯುವ ರೆಡ್ ನದಿಯ ಆಚೆಯ ದಡವೇ ಹತ್ತು ಸಾವಿರ ಸರೋವರಗಳ ನಾಡೆಂದು ಖ್ಯಾತಿವೆತ್ತ ಮಿನೆಸೋಟಾ. ಆ ಎರಡು ನಾಡುಗಳ ಹೆಸರುಗಳನ್ನು ಕೂಡಿಸಿಯೇ ಅವನ ಮೋಟಾರಿಗೆ ‘ಮಿನ್ ಕೋಟಾ’ ಎಂಬ ಹೆಸರು ಬಂದಿತು.

ಗಾಳ ಹಾಕುವವನಿಗೆ ಈ ಯಂತ್ರವು ಏಕೆ ಒಪ್ಪಿತೆಂಬುದು ವಿಚಾರಾರ್ಹವಾದುದು. ಅವನಿಗೆ ದೂರವೂ ಬೇಡ, ವೇಗವೂ ಬೇಡ. ಎರೆಯು ಜೀವಂತ ಮೀನಿನಂತೆ ಈಜುವಷ್ಟು ಮಂದಗತಿಯೂ, ನೀರಿನೊಳಗಿನ ಪ್ರಾಣಿಯು ಬೆದರದಂತಹ ಮೌನವೂ ಬೇಕು. ಪೆಟ್ರೋಲ್ ಯಂತ್ರವು ಈ ಎರಡನ್ನೂ ಕೊಡಲಾರದು. ಇದಲ್ಲದೆ ದೋಣಿಯ ವೇಗವನ್ನು ಅರ್ಧಕ್ಕೆ ಇಳಿಸಿದರೆ ಬೇಕಾಗುವ ಶಕ್ತಿಯು ಸುಮಾರು ಎಂಟರಲ್ಲೊಂದು ಪಾಲಿಗೆ ಇಳಿಯುವುದು ಜಲಗತಿಯ ನಿಯಮ. ಆದುದರಿಂದ ಬಡ ಬ್ಯಾಟರಿಯೂ ನಿಧಾನವಾಗಿ ನಡೆಯುವವನಿಗೆ ಇಡೀ ದಿನ ಸೇವೆ ಸಲ್ಲಿಸಬಲ್ಲದು. ಜಗತ್ತು ಯಾವುದನ್ನು ಆಲಸ್ಯವೆಂದು ಹಳಿದಿತ್ತೋ ಅದನ್ನು ಬೆಸ್ತನು ತಾಳ್ಮೆಯೆಂದು ಆದರಿಸಿದನು.

ಆದರೂ ಹಳೆಯ ಸಮಸ್ಯೆಯು ಪೂರ್ಣವಾಗಿ ಅಳಿಯಲಿಲ್ಲ. ಅದು ಮೋಟಾರಿನಿಂದ ತಂತಿಗೆ ಬಂದು ಕುಳಿತಿತು. ಇಂದಿನ 12 ವೋಲ್ಟಿನ ಮೋಟಾರು 55 ಪೌಂಡುಗಳ ಬಲದಿಂದ ತಳ್ಳುವಾಗ ಸುಮಾರು 50 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಬ್ಯಾಟರಿಯು ಹಿಂಬದಿಯಲ್ಲಿಯೂ ಮೋಟಾರು ಮೂತಿಯಲ್ಲಿಯೂ ಇದ್ದರೆ, ಹೋಗಿ ಬರುವ ತಂತಿಯ ಉದ್ದವು 10 ಮೀಟರ್ ಆಗುತ್ತದೆನ್ನೋಣ. 13 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ನಷ್ಟವು ಮುಕ್ಕಾಲು ವೋಲ್ಟಿನೊಳಗೆ ನಿಲ್ಲುವುದು. ಅದರ ಕಾಲುಭಾಗ ದಪ್ಪದ ತಂತಿಯನ್ನು ಹಾಕಿದರೆ ಎರಡೂವರೆ ವೋಲ್ಟಿಗೂ ಹೆಚ್ಚು, ಅಂದರೆ ಐದರಲ್ಲೊಂದು ಪಾಲಿಗೂ ಮೀರಿ, ತಂತಿಯಲ್ಲಿಯೇ ಬಿಸಿಯಾಗಿ ಹಾಳಾಗುವುದು. ಆ ಬಿಸಿಯು ಹೊದಿಕೆಯನ್ನು ಕರಗಿಸಿ ದೋಣಿಗೆ ಬೆಂಕಿಯನ್ನು ತರಲೂ ಬಲ್ಲದು.

ಇದರ ಪರಿಹಾರಾರ್ಥವಾಗಿಯೇ ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸುವ ಪದ್ಧತಿಯು ರೂಢಿಗೆ ಬಂದಿತು. ಒಂದರ ಧನಾಗ್ರವನ್ನು ಮತ್ತೊಂದರ ಋಣಾಗ್ರಕ್ಕೆ ಕೂಡಿಸಿ, ಉಳಿದ ಎರಡು ಅಗ್ರಗಳನ್ನು ಮೋಟಾರಿಗೆ ಕೊಟ್ಟರೆ 12 ವೋಲ್ಟಿನ ಎರಡು ಬ್ಯಾಟರಿಗಳು 24 ವೋಲ್ಟನ್ನು ಕೊಡುತ್ತವೆ. 24 ವೋಲ್ಟಿನ ಮೋಟಾರು 80 ಪೌಂಡುಗಳ ಬಲವನ್ನು ಕೊಟ್ಟರೂ ಎಳೆಯುವ ಪ್ರವಾಹವು ಸುಮಾರು 56 ಆಂಪಿಯರನ್ನು ಮೀರದು. ಧನಾಗ್ರಕ್ಕೆ ಧನಾಗ್ರ, ಋಣಾಗ್ರಕ್ಕೆ ಋಣಾಗ್ರ ಎಂಬಂತೆ ಸಮಾನಾಂತರವಾಗಿ ಕೂಡಿಸಿದರೆ ವೋಲ್ಟು ಹೆಚ್ಚುವುದಿಲ್ಲ, ಸೇವೆಯ ಕಾಲವು ಇಮ್ಮಡಿಯಾಗುತ್ತದೆ. ಎರಡರಲ್ಲಿಯೂ ಬ್ಯಾಟರಿಗಳು ಒಂದೇ ಬಗೆಯವೂ ಒಂದೇ ವಯಸ್ಸಿನವೂ ಆಗಿರಬೇಕು. ಹಳೆಯದನ್ನು ಹೊಸದರೊಡನೆ ಹೂಡುವುದು ಮುದಿ ಎತ್ತನ್ನು ಹೋರಿಯ ಜೊತೆಗೆ ನೊಗಕ್ಕೆ ಕಟ್ಟಿದಂತೆ. ಅಗ್ರಗಳು ತಪ್ಪಿ ಒಂದಕ್ಕೊಂದು ತಗುಲಿದರೆ ಕ್ಷಣಾರ್ಧದಲ್ಲಿ ನೂರಾರು ಆಂಪಿಯರ್ ಹರಿಯುವುದರಿಂದ, ಬ್ಯಾಟರಿಯ ಬಳಿಯಲ್ಲಿಯೇ ಫ್ಯೂಸು ಇಲ್ಲವೆ ಪ್ರವಾಹವನ್ನು ಕಡಿಯುವ ಸಾಧನವು ಇರತಕ್ಕದ್ದು. ಸೀಸದ ಬ್ಯಾಟರಿಯನ್ನು ತುಂಬುವಾಗ ಸ್ಫೋಟಕಾರಿಯಾದ ಜಲಜನಕವು ಹೊರಡುವುದರಿಂದ ಗಾಳಿಯಾಡುವ ಜಾಗವೂ ಅವಶ್ಯಕ.

ಗಾಡಿಯ ಬ್ಯಾಟರಿಯು ದೋಣಿಗೆ ಹುಟ್ಟಿದುದಲ್ಲವೆಂಬ ಪಾಠವನ್ನೂ ಬೆಸ್ತರು ಅನುಭವದಿಂದ ಕಲಿಯಬೇಕಾಯಿತು. ಕ್ಷಣಕಾಲ ಭಾರಿ ಪ್ರವಾಹವನ್ನು ಕೊಡುವುದಕ್ಕಾಗಿ ಅದರಲ್ಲಿ ತೆಳುವಾದ ಅನೇಕ ಫಲಕಗಳಿರುತ್ತವೆ. ಅವುಗಳನ್ನು ಪದೇ ಪದೇ ತಳಮುಟ್ಟ ಬರಿದುಮಾಡಿದರೆ ಬೇಗನೆ ಕೆಡುತ್ತವೆ. ಆದುದರಿಂದ ದಪ್ಪ ಫಲಕಗಳ ಬೇರೆ ಬಗೆಯ ಬ್ಯಾಟರಿಗಳು ಬಳಕೆಗೆ ಬಂದವು. ಅವಸರದಿಂದ ಸೆಳೆದಷ್ಟೂ ಸೀಸದ ಬ್ಯಾಟರಿಯು ಕೊಡುವ ಒಟ್ಟು ವಿದ್ಯುತ್ತು ಕಡಮೆಯಾಗುವುದೆಂದು 1897ರಲ್ಲಿಯೇ ಪೊಯ್ಕರ್ಟ್ ಎಂಬ ಜರ್ಮನ್ ವಿಜ್ಞಾನಿಯು ತೋರಿಸಿದ್ದನು. 100 ಆಂಪಿಯರ್-ಗಂಟೆಯೆಂದು ಬರೆದ ಬ್ಯಾಟರಿಯಿಂದ 50 ಆಂಪಿಯರ್ ಎಳೆದವನು ಎರಡು ಗಂಟೆಗೆ ಬಹಳ ಮುಂಚೆಯೇ ನಡುನೀರಿನಲ್ಲಿ ನಿಲ್ಲುವನು. ಆಗ ಅವನನ್ನು ದಡಕ್ಕೆ ಮುಟ್ಟಿಸುವುದು ಪುರಾತನವಾದ ಹುಟ್ಟೇ. ಈಚೆಗೆ ಬಂದಿರುವ ಲಿಥಿಯಂ ಬ್ಯಾಟರಿಗಳು ಸೀಸದ್ದರ ಅರ್ಧಕ್ಕಿಂತ ಕಡಮೆ ತೂಗುತ್ತವೆಯಾಗಿ, ಯಾಕೋಬಿಯನ್ನು ಕಾಡಿದ ಭಾರವು ಕ್ರಮೇಣ ಇಳಿಯುತ್ತಿದೆ.

ಕುಡಿಯುವ ನೀರಿನ ಅನೇಕ ಜಲಾಶಯಗಳಲ್ಲಿ ಪೆಟ್ರೋಲ್ ಯಂತ್ರವನ್ನು ತಡೆದು, ವಿದ್ಯುನ್ಮೋಟಾರಿಗೆ ಮಾತ್ರ ಎಡೆಗೊಡುವ ನಿಯಮಗಳು ಅಮೆರಿಕದಲ್ಲಿ ಇಂದು ಇವೆ. ನೇವಾ ನದಿಯಲ್ಲಿ ಚಕ್ರವರ್ತಿಯ ನೌಕಾಬಲಕ್ಕಾಗಿ ಹುಟ್ಟಿದ ಯಂತ್ರವು ಹಡಗುಗಳನ್ನು ಗೆಲ್ಲಲಿಲ್ಲ. ಮುಂಜಾವದ ಮಂಜಿನಲ್ಲಿ ದಾರವನ್ನು ಹಿಡಿದು ಕುಳಿತ ಒಬ್ಬಂಟಿ ಬೆಸ್ತನ ಕೈಗೆ ಬಂದು ಕೃತಾರ್ಥವಾಯಿತು. ಶಕ್ತಿಯ ಬೆಲೆಯು ಅದರ ಪ್ರಮಾಣದಿಂದಲ್ಲ, ಅದು ಸೇರಿದ ಸ್ಥಾನದಿಂದ ನಿರ್ಣಯವಾಗುತ್ತದೆಂಬುದಕ್ಕೆ ಈ ಕಿರಿಯ ಮೋಟಾರೇ ಸಾಕ್ಷಿ.