ಮನೆಯಲ್ಲೇ ಬೂದುಗುಂಬಳ: ಬೆಳೆಯೋದು ಹೇಗೆ, ಬಳಸೋದು ಹೇಗೆ?

ಆಯುಧ ಪೂಜೆ ಬಂತೆಂದರೆ ವಿಜಯನಗರ, ರಾಜಾಜಿನಗರದ ಅಂಗಡಿಗಳ ಮುಂದೆ ಬೂದುಗುಂಬಳದ ರಾಶಿ. 30x40 ಸೈಟಿನಲ್ಲೂ ಬಳ್ಳಿಯನ್ನು ತಾರಸಿಗೆ ಹಬ್ಬಿಸಿ ಬೆಳೀಬಹುದು.

ಬಿತ್ತನೆ: ದಸರೆಗೆ ಕಾಯಿ ಬೇಕಂದ್ರೆ ಜೂನ್‌ನಲ್ಲೇ ಬೀಜ ಹಾಕಿ. ಕೊಟ್ಟಿಗೆ ಗೊಬ್ಬರ ಕೊಡಿ, ಬುಡದಲ್ಲಿ ನೀರು ನಿಲ್ಲಬಾರದು.

ಹೂವು: ಮೊದಲು ಬರೋದು ಗಂಡು ಹೂವು, ಉದುರಿದರೆ ಗಾಬರಿ ಬೇಡ. ಬುಡದಲ್ಲಿ ಪುಟ್ಟ ಕಾಯಿ ಇರೋದೇ ಹೆಣ್ಣು ಹೂವು. ಜೇನುನೊಣ ಕಾಣದಿದ್ದರೆ ಬೆಳಿಗ್ಗೆಯೇ ಗಂಡು ಹೂವು ಕಿತ್ತು ಅದಕ್ಕೆ ಸವರಿ.

ಕೊಯ್ಲು: ಮೈಮೇಲೆ ಬೂದಿ ಕೂತ ಮೇಲೆ ತೊಟ್ಟು ಸಮೇತ ಕೊಯ್ಯಿರಿ. ಗಾಳಿಯಾಡುವ ಕಡೆ ತಿಂಗಳುಗಟ್ಟಲೆ ಇರುತ್ತೆ.

ಬಳಕೆ: ಮಜ್ಜಿಗೆ ಹುಳಿ, ಸಂಡಿಗೆ, ಕಾಶಿ ಹಲ್ವ.

ಗಮನಿಸಿ: ದೃಷ್ಟಿ ತೆಗೆದು ರಸ್ತೆಯಲ್ಲಿ ಒಡೆದ ಚೂರಿನ ಮೇಲೆ ಬೈಕ್ ಸವಾರರು ಜಾರಿ ಬೀಳ್ತಾರೆ. ಅಂಗಡಿಯವರು ಪಕ್ಕಕ್ಕೆ ಒಡೆದು, ಕೂಡಲೇ ಎತ್ತಿ ಹಸಿ ಕಸಕ್ಕೆ ಹಾಕಿ.