ಹಗೆಗೂ ಪಾಲು ಕೊಟ್ಟ ಕವಿ

ಕಥೆ ಹೇಳುವವನಿಗೆ ನಾಯಕನಿಗಿಂತ ಖಳನೇ ಹೆಚ್ಚು ಕಷ್ಟ ಕೊಡುತ್ತಾನೆ. ಅವನ ಕೇಡನ್ನು ಮುಚ್ಚಿಟ್ಟರೆ ನ್ಯಾಯ ತಪ್ಪುತ್ತದೆ. ಕೇಡನ್ನಷ್ಟೇ ತೋರಿಸಿದರೆ ಅವನೊಳಗಿನ ಮನುಷ್ಯ ಕಾಣುವುದಿಲ್ಲ. ಹಿಂಸೆಯನ್ನು ಎಷ್ಟು, ಯಾತಕ್ಕಾಗಿ ತೋರಿಸಬೇಕು ಎಂಬುದು ಇನ್ನೊಂದು ತೊಡಕು. ಸಾವಿರ ವರ್ಷಗಳ ಹಿಂದೆಯೇ ಇದನ್ನು ತೂಗಿ ನೋಡಿದ ಆದಿಕವಿ ಪಂಪನಿಗೆ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ನಂಟಿದೆ.

ಪಂಪನ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಇದು ತಿಳಿದದ್ದು ಕವಿಯ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕುರಿಕ್ಯಾಲದಲ್ಲಿ ಕೆತ್ತಿಸಿದ ಶಾಸನದಿಂದ. ತಂದೆ ಭೀಮಪಯ್ಯ ವೈದಿಕ ಮನೆತನದಲ್ಲಿ ಹುಟ್ಟಿ ಜೈನಧರ್ಮ ಸ್ವೀಕರಿಸಿದವನು. ವೇಮುಲವಾಡದ ಚಾಲುಕ್ಯ ದೊರೆ ಎರಡನೆಯ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ ಕವಿಯೂ ಹೌದು, ಕಲಿಯೂ ಹೌದು. ನಂಬಿದ್ದು ಅಹಿಂಸೆಯನ್ನು, ಹಿಡಿದದ್ದು ಕತ್ತಿಯನ್ನು. ಈ ಇಕ್ಕಟ್ಟು ಅವನ ಎರಡು ಕಾವ್ಯಗಳಲ್ಲಿಯೂ ಕಾಣುತ್ತದೆ.

ಕ್ರಿ.ಶ. 941ರಲ್ಲಿ ಮುಗಿದ ‘ಆದಿಪುರಾಣ’ದಲ್ಲಿ ಅಣ್ಣತಮ್ಮಂದಿರಾದ ಭರತ-ಬಾಹುಬಲಿಯರು ನೆಲಕ್ಕಾಗಿ ಎದುರುಬದುರಾಗುತ್ತಾರೆ. ಸೈನ್ಯಗಳು ಸಾಯಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸುತ್ತಾರೆ. ಮೂರರಲ್ಲಿಯೂ ಸೋತ ಭರತ ಸಿಟ್ಟಿನಿಂದ ಚಕ್ರ ಪ್ರಯೋಗಿಸಿದರೆ ಅದು ಬಾಹುಬಲಿಯನ್ನು ಕೊಲ್ಲದೆ ಸುತ್ತುಹಾಕಿ ನಿಲ್ಲುತ್ತದೆ. ಗೆದ್ದವನೇ ರಾಜ್ಯ ಬಿಟ್ಟು ತಪಸ್ಸಿಗೆ ಹೊರಡುತ್ತಾನೆ. ಇಲ್ಲಿ ಖಳನಿಲ್ಲ, ಅಧಿಕಾರದ ಮೋಹವೇ ಹಗೆ.

‘ವಿಕ್ರಮಾರ್ಜುನ ವಿಜಯ’ದಲ್ಲಿ ಈ ದಾರಿ ಇರಲಿಲ್ಲ. ಭಾರತದ ಕಥೆಯೆಂದ ಮೇಲೆ ಯುದ್ಧ ತಪ್ಪದು. ಮೇಲಾಗಿ ಪಂಪ ತನ್ನ ಒಡೆಯನನ್ನೇ ಅರ್ಜುನನೆಂದು ಹಾಡಿದ್ದ. ಒಡೆಯನ ಎದುರಾಳಿಗೆ ಮಸಿ ಬಳಿಯುವುದು ಆಸ್ಥಾನಕವಿಗೆ ಸುಲಭವಾಗಿತ್ತು.

ಅವನು ಹಿಂಸೆಯನ್ನು ಮರೆಮಾಚಲಿಲ್ಲ. ದುಶ್ಶಾಸನನ ಎದೆ ಸೀಳಿದ ಭೀಮ ಅವನ ಹಲ್ಲನ್ನೇ ಬಾಚಣಿಗೆ ಮಾಡಿ, ಕರುಳನ್ನೇ ಮಾಲೆ ಮಾಡಿ ದ್ರೌಪದಿಯ ಮುಡಿ ಕಟ್ಟುತ್ತಾನೆ. ಓದುವವರ ಮೈ ನಡುಗುತ್ತದೆ. ಆದರೆ ಅದೇ ಕ್ಷಣದಲ್ಲಿ ಕವಿ ಭೀಮನ ಬಾಯಲ್ಲಿ ಆ ಮುಡಿಯ ಕಥೆಯನ್ನೇ ಹೇಳಿಸುತ್ತಾನೆ: ಅರಸರ ಸಮೂಹವೂ ಕುರುವಂಶವೂ ಅಡಗಿಹೋದದ್ದು ಇದರಲ್ಲಿಯೇ, ಮಹಾಭಾರತಕ್ಕೆ ಮೊದಲಾದದ್ದೂ ಇದೇ. ಹೆಣ್ಣಿಗಾದ ಅವಮಾನಕ್ಕೆ ತೆತ್ತ ಬೆಲೆ ಎಷ್ಟೆಂಬುದು ರಕ್ತದ ಜೊತೆಯಲ್ಲೇ ಕಣ್ಣಿಗೆ ಬೀಳುತ್ತದೆ.

ದುರ್ಯೋಧನನ ವಿಷಯದಲ್ಲಂತೂ ಪಂಪನ ತಕ್ಕಡಿ ಇನ್ನೂ ಸೂಕ್ಷ್ಮ. ತುಂಬಿದ ಸಭೆಯ ಅನ್ಯಾಯವನ್ನು ಮನ್ನಿಸದ ಕವಿ, ಕರ್ಣನ ಮೇಲೆ ಅವನಿಟ್ಟ ಸ್ನೇಹವನ್ನೂ ಮರೆಯುವುದಿಲ್ಲ. ಕಾವ್ಯದ ಕೊನೆಯಲ್ಲಿ ಭಾರತವು ಯಾರಿಂದ ಪೂಜ್ಯವಾಯಿತೆಂದು ಎಣಿಸುವಾಗ ಛಲಕ್ಕೆ ದುರ್ಯೋಧನನನ್ನೂ ಸತ್ಯಕ್ಕೆ ಕರ್ಣನನ್ನೂ ಹೆಸರಿಸುತ್ತಾನೆ. ಭೀಷ್ಮ, ದ್ರೋಣ, ಶಲ್ಯರಿಗೂ ಅಲ್ಲಿ ಸ್ಥಾನವಿದೆ. ಹೆಚ್ಚಿನವರು ಸೋತ ಪಾಳೆಯದವರೇ.

ಈ ದಾರಿಯಲ್ಲಿ ಮುಂದೆ ನಡೆದವನು ಮುಧೋಳದ ರನ್ನ. ‘ಗದಾಯುದ್ಧ’ದಲ್ಲಿ ಅವನ ದುರ್ಯೋಧನ ಹೆಣಗಳ ನಡುವೆ ಎಡವುತ್ತ ಸಾಗಿ, ಶತ್ರುವಿನ ಮಗ ಅಭಿಮನ್ಯುವಿನ ಪರಾಕ್ರಮಕ್ಕೂ ಕೈಮುಗಿಯುತ್ತಾನೆ. ಕೇಡಿನ ಫಲವನ್ನು ಖಳನೇ ಕಾಲಡಿಯಲ್ಲಿ ಮೆಟ್ಟಿ ನೋಡಬೇಕಾದ ಸನ್ನಿವೇಶವದು. ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಕೋಳಿವಾಡದ ಕುಮಾರವ್ಯಾಸ, ಕೃಷ್ಣನಿಂದ ಜನ್ಮರಹಸ್ಯ ಕೇಳಿದ ಕರ್ಣನ ಕಣ್ಣಲ್ಲಿ ನೀರು ತರಿಸಿದ. ಆದರೂ ಕರ್ಣ ಒಡೆಯನ ಪಕ್ಷ ಬಿಡಲಿಲ್ಲ. ಕವಿ ಅವನ ಮೇಲಿನ ಮರುಕ ಬಿಡಲಿಲ್ಲ.

ಈ ಮೂವರೂ ಕೇಡಿಗೆ ಶಿಕ್ಷೆ ತಪ್ಪಿಸಲಿಲ್ಲ. ದುಶ್ಶಾಸನ ಸಾಯುತ್ತಾನೆ, ದುರ್ಯೋಧನನ ತೊಡೆ ಮುರಿಯುತ್ತದೆ. ಆದರೆ ಬಿದ್ದವನ ಗುಣವನ್ನು ಗೆದ್ದವನ ಹೊಗಳಿಕೆಗಾಗಿ ಅಳಿಸಿಹಾಕಲಿಲ್ಲ. ಬೆಳ್ವೊಲದ ಈ ಕಪ್ಪು ನೆಲದ ಆಸುಪಾಸಿನಲ್ಲಿ ಬೆಳೆದ ಕಾವ್ಯ ಕನ್ನಡಿಗರಿಗೆ ಕಲಿಸಿಕೊಟ್ಟ ವಿವೇಕವಿದು: ಹಗೆಯನ್ನು ಸೋಲಿಸಬಹುದು, ಅವನ ಬಗ್ಗೆ ಸುಳ್ಳು ಹೇಳಬೇಕಾಗಿಲ್ಲ.